ಬಿಳಿ ರಕ್ತಕಣ ನಾರ್ಮಲ್ ಬಂದರೂ ಮಾಸ್ಕ್ ಯಾಕೆ?

ಪ್ರಶ್ನೆ: ನನ್ನ ಅಣ್ಣನಿಗೆ 43 ವರ್ಷ. ರಕ್ತದ ಕ್ಯಾನ್ಸರಿಗೆಂದು ಐದು ತಿಂಗಳ ಹಿಂದೆ ನನ್ನ ಸ್ಟೆಮ್ ಸೆಲ್ ತೆಗೆದು ಅವನಿಗೆ ಕಸಿ ಮಾಡಿದರು. ಈಗ ಬಿಳಿ ರಕ್ತಕಣ 6,200 ಇದೆ. ಕೈಮೆರಿಸಂ ಪರೀಕ್ಷೆಯಲ್ಲಿ ರಕ್ತವೆಲ್ಲ ನನ್ನ ಕಣಗಳದ್ದೇ ಅಂತ ಬಂದಿದೆ. ಆದರೆ ಸಿಡಿ4 ಮಾತ್ರ 140. ಅದು ಎಚ್‌ಐವಿ ಇದ್ದವರಿಗೆ ಮಾಡುವ ಪರೀಕ್ಷೆ ಅಲ್ವಾ? ಮಾಸ್ಕ್, ಮಾತ್ರೆ ಯಾವುದನ್ನೂ ಬಿಡಬೇಡಿ ಅನ್ನುತ್ತಾರೆ ಡಾಕ್ಟರು. ನನ್ನ ಕಣಗಳಲ್ಲೇ ಏನಾದರೂ ಕೊರತೆ ಇದೆಯಾ? ಬೇಕಾದರೆ ಇನ್ನೊಮ್ಮೆ ಕೊಡಲು ತಯಾರಿದ್ದೇನೆ.

ಉತ್ತರ: ನಿಮ್ಮ ಕಣಗಳಲ್ಲಿ ಕೊರತೆ ಇಲ್ಲ. ಆ ಚಿಂತೆಯನ್ನು ಇವತ್ತೇ ಬಿಟ್ಟುಬಿಡಿ. ಅವು ಅಣ್ಣನ ಮೂಳೆಮಜ್ಜೆಯಲ್ಲಿ ಚೆನ್ನಾಗಿಯೇ ಬೇರು ಬಿಟ್ಟಿವೆ ಎಂದು ನಿಮ್ಮ ಕೈಯಲ್ಲಿರುವ ರಿಪೋರ್ಟೇ ಹೇಳುತ್ತಿದೆ.

ಗೊಂದಲ ಇರುವುದು 6,200 ಎಂಬ ಅಂಕಿಯಲ್ಲಿ. ಬಿಳಿ ರಕ್ತಕಣಗಳಲ್ಲಿ ಹಲವು ಬಗೆ ಇವೆ. ಆ ಎಣಿಕೆಯಲ್ಲಿ ಸಾಮಾನ್ಯವಾಗಿ ಅರ್ಧಕ್ಕಿಂತ ಹೆಚ್ಚು ಪಾಲು ನ್ಯೂಟ್ರೋಫಿಲ್‌ಗಳದ್ದು. ಅವು ಬ್ಯಾಕ್ಟೀರಿಯಾ, ಫಂಗಸ್ ವಿರುದ್ಧ ಹೋರಾಡುತ್ತವೆ, ಬೇಗ ಹುಟ್ಟುತ್ತವೆ. ಸತತ ಮೂರು ದಿನ ನ್ಯೂಟ್ರೋಫಿಲ್ 500 ದಾಟಿದರೆ ಕಸಿ ಹಿಡಿಯಿತು ಅನ್ನುತ್ತಾರೆ. ರಕ್ತದಿಂದ ತೆಗೆದ ಸ್ಟೆಮ್ ಸೆಲ್ ಆದರೆ ಇದಕ್ಕೆ ಎರಡು ಮೂರು ವಾರ ಸಾಕು. ಮೂಳೆಮಜ್ಜೆಯಿಂದ ತೆಗೆದದ್ದಾದರೆ ಇನ್ನೂ ಕೆಲವು ದಿನ ಬೇಕು, ಹೊಕ್ಕುಳಬಳ್ಳಿಯ ರಕ್ತವಾದರೆ ಸುಮಾರು ಒಂದು ತಿಂಗಳು. ವೈರಸ್ ತಗುಲಿದ ಕಣಗಳನ್ನು ಕೊಲ್ಲುವ ಎನ್‌ಕೆ ಕಣಗಳೂ ಮೊದಲ ಒಂದೆರಡು ತಿಂಗಳಲ್ಲೇ ಬಂದುಬಿಡುತ್ತವೆ. ತಡವಾಗುವುದು ಒಂದೊಂದು ರೋಗಾಣುವನ್ನೂ ಗುರುತಿಟ್ಟು ಹೋರಾಡುವ ಟಿ ಮತ್ತು ಬಿ ಕಣಗಳು. ಸಿಡಿ4 ಅಂದರೆ ಟಿ ಕಣಗಳದ್ದೇ ಒಂದು ಬಗೆ.

ಟಿ ಕಣಗಳು ಬರುವುದು ಎರಡು ದಾರಿಯಲ್ಲಿ. ನಿಮ್ಮಿಂದ ತೆಗೆದ ಚೀಲದಲ್ಲಿ ಸ್ಟೆಮ್ ಸೆಲ್ ಜೊತೆಗೆ ಬಲಿತ ಟಿ ಕಣಗಳೂ ಇರುತ್ತವೆ. ಅವು ಅಣ್ಣನ ದೇಹದಲ್ಲಿ ಬೇಗ ಹೆಚ್ಚಾಗುತ್ತವೆ. ಮೈಯಲ್ಲಿ ಅಡಗಿರುವ ಸಿಎಂವಿಯಂಥ ವೈರಸ್ ತಲೆ ಎತ್ತಿದರಂತೂ ಸಿಡಿ8 ಎಂಬ ಇನ್ನೊಂದು ಬಗೆಯ ಟಿ ಕಣಗಳು ಜೋರಾಗಿಯೇ ಏರುತ್ತವೆ. ಆದರೆ ಅದೇ ಕೆಲವು ಕಣಗಳ ಮರಿಗಳಾದ್ದರಿಂದ, ಎಣಿಕೆ ಜಾಸ್ತಿಯಾದರೂ ಅವು ಗುರುತಿಸಬಲ್ಲ ರೋಗಾಣುಗಳು ಕೆಲವೇ. ಹೊಸ ರೋಗಾಣುವನ್ನೂ ಗುರುತಿಸಬಲ್ಲ ಹೊಸ ಟಿ ಕಣಗಳು ಬೇಕೆಂದರೆ ಎರಡನೆಯ ದಾರಿಯೇ ಆಗಬೇಕು. ಮಜ್ಜೆಯಲ್ಲಿ ಹುಟ್ಟಿದ ಎಳೆಯ ಕಣಗಳು ಎದೆಮೂಳೆಯ ಹಿಂದಿರುವ ಥೈಮಸ್ ಗ್ರಂಥಿಗೆ ಹೋಗಿ, ಅಲ್ಲಿ ಬಲಿತು ಹೊರಗೆ ಬರಬೇಕು.

ಈಗ ನೋಡಿ, ಕಣ ನಿಮ್ಮದು, ಥೈಮಸ್ ಅಣ್ಣನದು. ಆ ಗ್ರಂಥಿ ಚಿಕ್ಕ ವಯಸ್ಸಿನಲ್ಲಿ ಚುರುಕಾಗಿರುತ್ತದೆ. ಹರೆಯ ಕಳೆದ ಮೇಲೆ ಕುಗ್ಗುತ್ತದೆ, ನಡುವಯಸ್ಸಿನ ಹೊತ್ತಿಗೆ ಬಹುಪಾಲು ಕೊಬ್ಬಾಗಿರುತ್ತದೆ. ಸಾಲದ್ದಕ್ಕೆ ಕಸಿಗೆ ಮುಂಚಿನ ಕೀಮೋ, ರೇಡಿಯೇಶನ್ ಕೂಡ ಅದಕ್ಕೆ ಪೆಟ್ಟು ಕೊಡುತ್ತವೆ. ಹಾಗಾಗಿ ದೊಡ್ಡವರಲ್ಲಿ ಅದು ಮತ್ತೆ ಕೆಲಸ ಶುರುಮಾಡಲು ಆರು ತಿಂಗಳಾದರೂ ಬೇಕು, ಒಂದು ಹದಕ್ಕೆ ಬರಲು ಎರಡು ವರ್ಷವೂ ಹಿಡಿಯಬಹುದು. ಮಕ್ಕಳು ಬೇಗ ಚೇತರಿಸಿಕೊಳ್ಳುವುದು ಇದೇ ಕಾರಣಕ್ಕೆ.

ಇದರ ಮೇಲೆ ಮಾತ್ರೆಗಳು ಬೇರೆ. ಟ್ಯಾಕ್ರೋಲಿಮಸ್, ಸೈಕ್ಲೋಸ್ಪೋರಿನ್‌ನಂಥವನ್ನು ಕೊಡುವುದೇ ಟಿ ಕಣಗಳನ್ನು ಅದುಮಿಡಲು. ಇಲ್ಲದಿದ್ದರೆ ನಿಮ್ಮ ಕಣಗಳು ಅಣ್ಣನ ಚರ್ಮ, ಕರುಳು, ಲಿವರ್ ಎಲ್ಲವನ್ನೂ ಪರಕೀಯ ಅಂದುಕೊಂಡು ಮೇಲೆ ಬೀಳಬಹುದು. ಜಿವಿಎಚ್‌ಡಿ ಅನ್ನುವುದು ಇದಕ್ಕೇ. ಅದು ಬಂದರೆ ಥೈಮಸ್‌ಗೂ ಏಟು ಬೀಳುತ್ತದೆ, ಜೊತೆಗೆ ಸ್ಟಿರಾಯ್ಡ್ ಬೇರೆ ಬೇಕಾಗುತ್ತದೆ. ಇಷ್ಟೆಲ್ಲ ಇರುವಾಗ ಐದನೇ ತಿಂಗಳಿಗೆ ಸಿಡಿ4 140 ಅಂದರೆ ನನಗೆ ಆಶ್ಚರ್ಯವಾಗುವುದಿಲ್ಲ. ಒಂದು ಅಂಕಿ ನೋಡಿ ಹೆದರುವುದಕ್ಕಿಂತ ಮುಂದಿನ ತಿಂಗಳುಗಳಲ್ಲಿ ಅದು ಏರುತ್ತಿದೆಯಾ ಅಂತ ನೋಡಿ.

ಎಚ್‌ಐವಿಯಲ್ಲಿ ಎಣಿಸುವುದೂ ಇದೇ ಕಣ, ನಿಜ. ಅಲ್ಲಿ ವೈರಸ್ ಕಣವನ್ನು ನಾಶ ಮಾಡುತ್ತದೆ. ಇಲ್ಲಿ ಕಣ ಇನ್ನೂ ತಯಾರಾಗಬೇಕು, ಅಷ್ಟೇ. ಆದರೆ ಅಪಾಯ ಕೆಲವು ಒಂದೇ. ನ್ಯೂಮೋಸಿಸ್ಟಿಸ್ ಎಂಬ ನ್ಯುಮೋನಿಯಾ ತಡೆಯಲು ಕೋ-ಟ್ರೈಮಾಕ್ಸಜೋಲ್ ಅನ್ನು ಕನಿಷ್ಠ ಆರು ತಿಂಗಳು, ಸರ್ಪಸುತ್ತು ತಡೆಯಲು ಎಸೈಕ್ಲೋವಿರ್ ಅನ್ನು ಕನಿಷ್ಠ ಒಂದು ವರ್ಷ ಕೊಡುವುದು ವಾಡಿಕೆ. ಚೆನ್ನಾಗಿದ್ದೀನಲ್ಲ ಅಂತ ಇವನ್ನಾಗಲಿ ಮಾಸ್ಕನ್ನಾಗಲಿ ತಾವೇ ಬಿಡಬಾರದು. ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಪ್ಯಾರಾಸಿಟಮಾಲ್ ನುಂಗಿ ಬೆಳಗಾಗಲಿ ಅಂತ ಕಾಯಬೇಡಿ, ರಾತ್ರಿಯಾದರೂ ಕಸಿ ಮಾಡಿದ ತಂಡಕ್ಕೆ ಫೋನ್ ಮಾಡಿ. ಇಮ್ಯೂನಿಟಿ ಹೆಚ್ಚಿಸುತ್ತೇವೆ ಅನ್ನುವ ಪುಡಿ, ಸಿರಪ್ ನನಗಂತೂ ಸರಿಬರುವುದಿಲ್ಲ. ಥೈಮಸ್ ಅದರಿಂದ ಬೆಳೆಯುವುದಿಲ್ಲ. ಕೆಲವು ಗಿಡಮೂಲಿಕೆಗಳಿಂದ ರಕ್ತದಲ್ಲಿ ಟ್ಯಾಕ್ರೋಲಿಮಸ್ ಮಟ್ಟ ಏರುಪೇರಾಗುತ್ತದೆ.

ಇನ್ನೊಮ್ಮೆ ಕಣ ಕೊಡುವ ಮಾತು. ದಾನಿಯ ಲಿಂಫೋಸೈಟ್‌ಗಳನ್ನು, ಅಂದರೆ ಟಿ ಕಣಗಳಂಥ ಬಿಳಿ ರಕ್ತಕಣಗಳನ್ನು, ಮತ್ತೆ ಏರಿಸುವ ಚಿಕಿತ್ಸೆ ಇದೆ. ಅದನ್ನು ಮುಖ್ಯವಾಗಿ ಬಳಸುವುದು ಕ್ಯಾನ್ಸರ್ ಮರುಕಳಿಸಿದಾಗ, ಇಲ್ಲವೇ ದಾನಿಯ ಕಣಗಳ ಪಾಲು ಇಳಿಯುತ್ತಿರುವಾಗ. ಅದರಿಂದ ಜಿವಿಎಚ್‌ಡಿ ಬರುವ ಭಯವೂ ಇದೆ. ಸಿಡಿ4 ಕಡಿಮೆ ಅನ್ನುವ ಒಂದೇ ಕಾರಣಕ್ಕೆ ಸುಮ್ನೆ ಕೊಡುವಂಥದ್ದಲ್ಲ.

ಪ್ರಶ್ನೆ: ನಮ್ಮ ಯಜಮಾನರಿಗೆ ಕಸಿಯಾಗಿ ಎಂಟು ತಿಂಗಳು. ಚಿಕ್ಕಂದಿನಲ್ಲಿ ಹಾಕಿಸಿದ ಲಸಿಕೆಗಳನ್ನೆಲ್ಲ ಮತ್ತೆ ಹಾಕಿಸಬೇಕಂತೆ, ಹೌದಾ? ಮನೆಯಲ್ಲಿ ಪುಟ್ಟ ಮಗು ಇದೆ.

ಉತ್ತರ: ಹೌದು. ಹಳೆಯ ಲಸಿಕೆಗಳ ನೆನಪು ಹಳೆಯ ಕಣಗಳ ಜೊತೆಗೇ ಹೋಗಿರುತ್ತದೆ. ಪ್ರತಿಕಾಯ ತಯಾರಿಸುವ ಬಿ ಕಣಗಳು ಪೂರ್ತಿ ಪಳಗಲು ಒಂದೆರಡು ವರ್ಷ ಬೇಕು. ಹಾಗಂತ ಅಷ್ಟು ದಿನ ಕಾಯುವುದಿಲ್ಲ. ನ್ಯೂಮೋಕಾಕಲ್ ಲಸಿಕೆ ಮೂರರಿಂದ ಆರು ತಿಂಗಳ ಒಳಗೇ ಶುರುವಾಗುತ್ತದೆ. ಫ್ಲೂ, ಟೆಟನಸ್, ಹೆಪಟೈಟಿಸ್ ಬಿ ಮುಂತಾದವು ಸಾಮಾನ್ಯವಾಗಿ ಆರರಿಂದ ಹನ್ನೆರಡು ತಿಂಗಳ ನಡುವೆ. ದಡಾರದಂಥ ಜೀವಂತ ಲಸಿಕೆ ಮಾತ್ರ ಎರಡು ವರ್ಷದ ಮುಂಚೆ ಬೇಡವೇ ಬೇಡ. ಆಮೇಲೂ ಜಿವಿಎಚ್‌ಡಿ ಇರಬಾರದು, ಇಮ್ಯೂನಿಟಿ ತಗ್ಗಿಸುವ ಮಾತ್ರೆ ನಿಂತಿರಬೇಕು.

ಮನೆಯವರೆಲ್ಲ ಪ್ರತಿ ವರ್ಷ ಫ್ಲೂ ಇಂಜೆಕ್ಷನ್ ತೆಗೆದುಕೊಳ್ಳಿ. ಮಗುವಿನ ಲಸಿಕೆ ತಪ್ಪಿಸಬೇಡಿ, ಆದರೆ ಪೋಲಿಯೋ ಹನಿ ಬದಲು ಇಂಜೆಕ್ಷನ್ ಕೊಡಬಹುದಾ ಅಂತ ಮಕ್ಕಳ ಡಾಕ್ಟರನ್ನು ಕೇಳಿ. ಹನಿಯ ಜೀವಂತ ವೈರಸ್ ಮಲದಲ್ಲಿ ಹೊರಬರುತ್ತದೆ. ರೋಟಾವೈರಸ್ ಲಸಿಕೆಯದ್ದೂ ಹಾಗೇ, ಅದನ್ನು ಹಾಕಿಸಿದ ಮೇಲೆ ಕೆಲವು ವಾರ ಯಜಮಾನರು ಡೈಪರ್ ಬದಲಿಸುವುದು ಬೇಡ.