ರಾತ್ರಿ ಮಾತಾಡುವ ಹುಡುಗ, ಹಗಲು ಕತ್ತೆತ್ತದ ಹುಡುಗ

ಹುಡುಗಿಗೆ 16 ವರ್ಷ. ಕ್ಯಾಲಿಫೋರ್ನಿಯಾದಲ್ಲಿ ಹನ್ನೊಂದನೇ ತರಗತಿ, ಮನೆಯಲ್ಲಿ ಕನ್ನಡ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. "ಸರಿಯಾಗಿ ಊಟ ಮಾಡ್ತಿಲ್ಲ ಮೇಡಂ, ರಾತ್ರಿಯೆಲ್ಲ ಫೋನು" ಅಂತ ಅಮ್ಮ ಸಲಹೆಗೆ ನನ್ನ ಹತ್ತಿರ ಕರೆದುಕೊಂಡು ಬಂದರು. ಅವರು ಹೊರಗೆ ಹೋಗಿ ಕೂತ ಮೇಲೂ ಹುಡುಗಿ ಸುಮಾರು ಹೊತ್ತು ಬಾಯಿ ಬಿಡಲಿಲ್ಲ. ಆಮೇಲೆ ಬ್ಯಾಗಿನಿಂದ ರಬ್ಬರ್ ಬ್ಯಾಂಡ್ ಹಾಕಿ ಸುತ್ತಿಟ್ಟಿದ್ದ ಒಂದು ಪೋಸ್ಟರ್ ತೆಗೆದಳು.

ಅಮೆರಿಕದ ಹೈಸ್ಕೂಲುಗಳಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ಹೋಮ್‌ಕಮಿಂಗ್ ಅನ್ನುವ ಶಾಲೆಯ ಹಬ್ಬ ಬರುತ್ತದೆ. ಸಾಮಾನ್ಯವಾಗಿ ಶುಕ್ರವಾರ ಫುಟ್‌ಬಾಲ್ ಪಂದ್ಯ, ಶನಿವಾರ ಡ್ಯಾನ್ಸ್. ಜೊತೆಗೆ ಬಾ ಅಂತ ಕರೆಯುವವರು ಪೋಸ್ಟರ್ ಮೇಲೆ ಏನಾದರೂ ಚಂದದ ಸಾಲು ಬರೆದು ಎಲ್ಲರೆದುರು ಹಿಡಿದು ನಿಲ್ಲುತ್ತಾರೆ, ಗೆಳೆಯರು ವಿಡಿಯೋ ಮಾಡುತ್ತಾರೆ. ಊರಲ್ಲಿ ಬೆಳೆದ ಎಷ್ಟೋ ಅಪ್ಪ ಅಮ್ಮಂದಿರಿಗೆ ಇದು ಗೊತ್ತೇ ಇರುವುದಿಲ್ಲ, ಮಕ್ಕಳೂ ಹೇಳುವುದಿಲ್ಲ.

ಇವಳು ಆ ಪೋಸ್ಟರ್ ಹಿಡಿದು ಕರೆಯಬೇಕು ಅಂದುಕೊಂಡಿದ್ದ ಹುಡುಗ ಕೆಮಿಸ್ಟ್ರಿ ಲ್ಯಾಬಿನಲ್ಲಿ ಇವಳ ಜೊತೆಗಾರ. ರಾತ್ರಿ ಹನ್ನೆರಡಾದರೂ ಇನ್‌ಸ್ಟಾಗ್ರಾಂನಲ್ಲಿ ಮಾತು ಮುಗಿಯುವುದಿಲ್ಲ, ಡ್ಯಾನ್ಸಿಗೆ ಯಾವ ಬಣ್ಣದ ಡ್ರೆಸ್ ಅಂತಲೂ ಕೇಳಿದ್ದಾನೆ. ಮಾರನೇ ದಿನ ಊಟದ ಹೊತ್ತಲ್ಲಿ ಗೆಳೆಯರ ಜೊತೆ ಇದ್ದರೆ ಇವಳ ಕಡೆ ಕತ್ತೂ ಎತ್ತುವುದಿಲ್ಲ. ಇವಳು ಮೆಸೇಜುಗಳ ಸ್ಕ್ರೀನ್‌ಶಾಟ್ ತೆಗೆದು ಮೂವರು ಗೆಳತಿಯರಿಗೆ ಕಳಿಸಿದ್ದಾಳೆ, ಮೂವರೂ ಒಂದೊಂದು ಥರ ಹೇಳಿದ್ದಾರೆ. "ಆಂಟಿ, ನೀವೂ ಓದಿ ಹೇಳಿ" ಅಂತ ಫೋನು ನನ್ನ ಕೈಗೆ ಕೊಟ್ಟಳು.

ನಾನು ಓದಲಿಲ್ಲ. "ಓದಿದರೆ ನಿನಗೆ ನಾಲ್ಕನೇ ಅಭಿಪ್ರಾಯ ಸಿಗುತ್ತೆ, ಅಷ್ಟೇ. ಅವನ ಮನಸ್ಸಲ್ಲಿ ಏನಿದೆ ಅಂತ ಅವನೇ ಹೇಳಬೇಕು, ಅಲ್ವಾ? ಒಂದೇ ಒಂದು ಸಲ ನೇರವಾಗಿ ಕೇಳು, ಇಬ್ಬರೇ ಇರುವಾಗ" ಅಂದೆ. ಪೋಸ್ಟರ್ ಬೇಡ ಅಂದಿದ್ದಕ್ಕೆ ಮುಖ ಸಣ್ಣದಾಯಿತು. ಆದರೆ ಸುತ್ತ ಇಪ್ಪತ್ತು ಜನ ಫೋನ್ ಹಿಡಿದು ನಿಂತಾಗ ಅವನು ಹೆದರಿ ಹೂಂ ಅಂದುಬಿಟ್ಟರೆ ಇವಳ ಗೊಂದಲ ಹಾಗೇ ಉಳಿಯುತ್ತದೆ. ಕೇಳುವ ಮಾತನ್ನು ಎರಡು ಸಲ ಜೋರಾಗಿ ಹೇಳಿಸಿದೆ: ನನ್ನ ಜೊತೆ ಡ್ಯಾನ್ಸಿಗೆ ಬರ್ತೀಯಾ, ಶುಕ್ರವಾರದೊಳಗೆ ಹೇಳು, ಇಲ್ಲ ಅಂದರೂ ನಾವು ಲ್ಯಾಬಿನಲ್ಲಿ ಮೊದಲಿನ ಹಾಗೇ ಇರೋಣ. ನೋಡೋಣ ಅಂದರೆ ಈ ಡ್ಯಾನ್ಸಿನ ಮಟ್ಟಿಗೆ ಇಲ್ಲ ಅಂತಲೇ ಲೆಕ್ಕ ಇಟ್ಟುಕೋ, ಮತ್ತೆ ಕೇಳಬೇಡ, ಗೆಳತಿಯರ ಜೊತೆ ಟಿಕೆಟ್ ತಗೋ ಅಂದೆ. ಅವನು ನಾಚಿಕೆಯ ಹುಡುಗನೂ ಇರಬಹುದು, ಕೆಟ್ಟವನು ಅಂತ ನಾನು ಹೇಳುತ್ತಿಲ್ಲ, ಆದರೆ ಅವನ ನಾಚಿಕೆಗೆ ಇವಳು ಊಟ ನಿದ್ದೆ ಬಿಡಬೇಕಾಗಿಲ್ಲ.

ಹುಡುಗಿ ಒಪ್ಪಿದ ಮೇಲೆ ಅಮ್ಮನನ್ನೂ ಒಳಗೆ ಕರೆದೆವು. ಅವರ ಮೊದಲ ಪ್ರಶ್ನೆ, "ಯಾರವನು?" ಅದನ್ನು ಆಮೇಲೆ ಕೇಳಿ, ಮೊದಲು ಡ್ಯಾನ್ಸಿಗೆ ಯಾರು ಬಿಟ್ಟು ಬರ್ತಾರೆ, ಎಷ್ಟು ಗಂಟೆಗೆ ಕರೆದುಕೊಂಡು ಬರ್ತಾರೆ ಅಂತ ಮಾತಾಡಿ ಅಂದೆ. ರಾತ್ರಿ ಹತ್ತಾದ ಮೇಲೆ ಫೋನು ಅಡುಗೆಮನೆಯಲ್ಲಿ, ಅಮ್ಮನದೂ ಸೇರಿ.

ಹುಡುಗ "ನೋಡೋಣ" ಅಂದನಂತೆ. ಇವಳು ಐದು ಜನ ಗೆಳತಿಯರ ಜೊತೆ ಹೋದಳು. ಅಲ್ಲಿ ಅವನೇ ಬಂದು ಮಾತಾಡಿಸಿದ, ಇವಳಿಗೆ ಖುಷಿಯೂ ಆಯಿತು. ಆದರೆ ಸೋಮವಾರ ಲ್ಯಾಬಿನಲ್ಲಿ ಇವಳೇ ಹೇಳಿದಳಂತೆ, "ಊಟದ ಹೊತ್ತಲ್ಲೂ ಮಾತಾಡು, ಇಲ್ಲ ಅಂದರೆ ರಾತ್ರಿ ಮೆಸೇಜ್ ಮಾಡಬೇಡ." ನಾನು ಹೇಳಿಕೊಟ್ಟ ಮಾತಲ್ಲ ಅದು. ಮೆಸೇಜ್ ನಿಂತಿದೆ. ಎರಡು ದಿನ ಅತ್ತಳು, ಈಗ ನಿದ್ದೆ ಬರ್ತಿದೆ ಆಂಟಿ ಅಂದಳು.