ಮೊಬೈಲಿನ ವೇಳೆ ಮಗನ ಕೈಗೆ ಕೊಟ್ಟ ಮೇಲೆ

ಮಾನ್ಯ ಓದುಗರಿಗೆ,

ಶಿರಸಿ ಸಮೀಪದ ಹಳ್ಳಿಯಿಂದ ನೀವು ಬರೆದ ಪತ್ರವನ್ನು ಗಮನವಿಟ್ಟು ಓದಿದ್ದೇನೆ. ಮನೆಯಲ್ಲೇ ಕಲಿಯುತ್ತಿರುವ ಹನ್ನೊಂದು ವರ್ಷದ ಮಗನಿಗೆ, ಮೊಬೈಲನ್ನು ಎಷ್ಟು ಹೊತ್ತು ನೋಡಬೇಕೆಂಬ ತೀರ್ಮಾನವನ್ನು ಮಳೆಗಾಲದ ಆರಂಭದಲ್ಲಿ ಬಿಟ್ಟುಕೊಟ್ಟಿರಿ. ಅಂದಿನಿಂದ ಅವನು ಬೆಳಗಿನ ತಿಂಡಿಯಿಂದ ದೀಪ ಹಚ್ಚುವ ಹೊತ್ತಿನವರೆಗೂ ಅದನ್ನು ಕೆಳಗಿಡುತ್ತಿಲ್ಲ. ಶಾಲೆಗೆ ಹಾಕಿದ್ದರೆ ಹೀಗಾಗುತ್ತಿರಲಿಲ್ಲವೆಂದು ಅತ್ತೆಯವರು ನೊಂದುಕೊಳ್ಳುತ್ತಿದ್ದಾರೆ. ಕೊಟ್ಟ ಮಾತನ್ನು ಹಿಂದಕ್ಕೆ ಪಡೆದು ದಿನಕ್ಕೆ ಒಂದು ಗಂಟೆಯೆಂದು ಕಟ್ಟುಮಾಡಲೇ ಎಂಬುದು ನಿಮ್ಮ ಪ್ರಶ್ನೆ.

ಹಿಂದಕ್ಕೆ ಪಡೆಯಬೇಡಿ. ಆದರೆ ವೇಳೆಯನ್ನು ಒಪ್ಪಿಸಿದ ನೀವು, ಅದನ್ನು ನಿಭಾಯಿಸಲು ಬೇಕಾದ ತಿಳಿವಳಿಕೆಯನ್ನು ಇನ್ನೂ ಒಪ್ಪಿಸಿಲ್ಲವೆಂದು ನನಗೆ ಅನ್ನಿಸುತ್ತದೆ.

ನಿಮ್ಮ ಪತ್ರದ ನಡುವೆ ಒಂದು ಸಾಲಿದೆ: ಮಗ ಜಗಲಿಯಲ್ಲಿ ಕುಳಿತು ಮದ್ದಳೆಯ ವಿಡಿಯೋವನ್ನು ವೇಗ ತಗ್ಗಿಸಿ ಹಾಕಿಕೊಂಡು, ಬೆರಳು ಬೀಳುವ ಜಾಗವನ್ನು ನಿಲ್ಲಿಸಿ ನಿಲ್ಲಿಸಿ ನೋಡುತ್ತ, ಮಣೆಯ ಮೇಲೆ ಅದೇ ಪೆಟ್ಟನ್ನು ಬಾರಿಸುತ್ತಿರುತ್ತಾನೆ. ಇದನ್ನೂ, ಒಂದರ ಹಿಂದೊಂದು ಓಡುವ ತುಣುಕುಗಳನ್ನು ಸುಮ್ಮನೆ ಸರಿಸುತ್ತ ಕೂರುವುದನ್ನೂ ನೀವು ಒಂದೇ ಲೆಕ್ಕಕ್ಕೆ ಸೇರಿಸಿದ್ದೀರಿ. ಮನೆಯಲ್ಲಿ ಕಲಿಯುವ ಮಗುವಿಗೆ ಗ್ರಂಥಾಲಯವೂ ಆಟದ ಬಯಲೂ ಅದೇ ಮೊಬೈಲಿನಲ್ಲಿರುವಾಗ, ಒಂದು ಗಂಟೆಯ ಕಟ್ಟು ಮೊದಲು ಕಡಿಯುವುದು ಮದ್ದಳೆಯನ್ನೇ.

ಎರಡರ ವ್ಯತ್ಯಾಸವನ್ನು ಅವನೇ ಗುರುತಿಸಬೇಕು. ನೋಡುಗರು ಹೆಚ್ಚು ಹೊತ್ತು ಕೂತಷ್ಟೂ ಜಾಹೀರಾತಿನ ಆದಾಯ ಹೆಚ್ಚುವುದರಿಂದಲೇ ಮುಂದಿನ ವಿಡಿಯೋ ತಾನಾಗಿ ಶುರುವಾಗುತ್ತದೆ ಎಂಬುದನ್ನು ಹನ್ನೊಂದರ ಹುಡುಗ ಚೆನ್ನಾಗಿ ಅರ್ಥಮಾಡಿಕೊಳ್ಳಬಲ್ಲ. ಆಟೋಪ್ಲೇ ಬಂದ್ ಮಾಡುವುದನ್ನು ತೋರಿಸಿಕೊಡಿ. ಆಂಡ್ರಾಯ್ಡ್ ಫೋನುಗಳ ಡಿಜಿಟಲ್ ವೆಲ್‌ಬೀಯಿಂಗ್ ವಿಭಾಗದಲ್ಲಿ ಯಾವ ಆ್ಯಪಿಗೆ ಎಷ್ಟು ಹೊತ್ತು ಹೋಯಿತೆಂಬ ವಿವರ ಸಿಗುತ್ತದೆ. ಅದನ್ನು ನೀವು ತಪಾಸಣೆಗೆ ಬಳಸದೆ, ವಾರಕ್ಕೊಮ್ಮೆ ಅವನೇ ಓದಿ ಹೇಳಲಿ. ನಿದ್ದೆಯ ಹೊತ್ತು, ಹಣ ಪಾವತಿ, ಅಪರಿಚಿತರೊಡನೆ ಮಾತು, ಈ ಮೂರು ಮಾತ್ರ ಹಿರಿಯರ ಕೈಯಲ್ಲೇ ಇರಲಿ.

ನನಗೆ ಹೆಚ್ಚು ಕಾಡಿದ್ದು ಬೇರೆ. ಹೊರಗೆ ಬಿಡದೆ ಸುರಿಯುವ ಮಳೆ, ಕೇರಿಯ ಮಕ್ಕಳೆಲ್ಲ ಸಂಜೆಯವರೆಗೆ ಶಾಲೆಯಲ್ಲಿ, ನೀವಿಬ್ಬರೂ ತೋಟ-ಕೊಟ್ಟಿಗೆಯ ಕೆಲಸದಲ್ಲಿ. ಇಷ್ಟರ ನಡುವೆ ಅವನಿಗೆ ಜೊತೆಯಾಗಿ ಉಳಿದಿರುವುದು ಮೊಬೈಲೊಂದೇ. ಯಕ್ಷಗಾನಕ್ಕೆ ಹೆಸರಾದ ನಿಮ್ಮ ಸೀಮೆಯಲ್ಲಿ ಮದ್ದಳೆ ಬಲ್ಲವರು ದೂರವಿರಲಾರರು. ವಾರದಲ್ಲಿ ಎರಡು ದಿನ ಅವನನ್ನು ಅಂಥವರ ಎದುರು ಕೂರಿಸುವ ಏರ್ಪಾಡು ಮಾಡಿ. ಗಂಟೆಯ ಕಟ್ಟಿನಿಂದ ಆಗದ ಕೆಲಸ ಅದರಿಂದ ಆದೀತೆಂದು ನಾನು ನಂಬುತ್ತೇನೆ.

ಅತ್ತೆಯವರ ಆತಂಕವನ್ನು ಹಗುರವಾಗಿ ಕಾಣಬೇಡಿ. ಹದಿನಾಲ್ಕು ತುಂಬಿದ ಮೇಲೆ, ಶಾಲೆಗೆ ಹೋಗದೆಯೂ ಕಲಿಯಲು ಅವಕಾಶ ಕೊಡುವ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಾದ ಎನ್‌ಐಓಎಸ್ ಮೂಲಕ ಹತ್ತನೆಯ ತರಗತಿಯ ಪರೀಕ್ಷೆ ಬರೆಯಲು ಅವಕಾಶವಿದೆಯೆಂದೂ, ಬಹುಪಾಲು ಸ್ವಂತ ಓದನ್ನೇ ನೆಚ್ಚಿದ ಆ ದಾರಿಗೆ ತನ್ನ ವೇಳೆಯನ್ನು ತಾನೇ ಹಂಚಿಕೊಳ್ಳುವ ರೂಢಿ ಬೇಕೇಬೇಕೆಂದೂ ಅವರಿಗೆ ವಿವರಿಸಿ.

ನಾಲ್ಕು ವರ್ಷದ ಮಗಳಿಗೂ ಇದೇ ಸ್ವಾತಂತ್ರ್ಯವೇ ಎಂದು ಕೊನೆಯಲ್ಲಿ ಕೇಳಿದ್ದೀರಿ. ಬೇಡ. ಆ ವಯಸ್ಸಿನವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಅದಕ್ಕಿಂತ ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಅಣ್ಣ ನೋಡುತ್ತಿದ್ದರೆ ತಂಗಿ ಪಕ್ಕದಲ್ಲಿ ಬಂದು ಕೂರದಿರುವುದಿಲ್ಲ. ಆದ್ದರಿಂದ ಅವಳು ಎದುರಿಗಿಲ್ಲದ ಹೊತ್ತನ್ನು ಹೇಗೆ ಹೊಂದಿಸಿಕೊಳ್ಳುತ್ತೀಯೆಂದು ಅವನನ್ನೇ ಕೇಳಿ.

ಸಂಪಾದಕ