ಅಬು ಗ್ರೈಬ್: ಯಜಮಾನ ಯಾರು?

ಪ್ರಶ್ನೆ: ಇರಾಕಿನ ಅಬು ಗ್ರೈಬ್ ಜೈಲಿನಲ್ಲಿ ಅಮೆರಿಕದ ಸೈನಿಕರು ಕೈದಿಗಳನ್ನು ಬೆತ್ತಲೆ ಮಾಡಿ ಫೋಟೊ ತೆಗೆದ ಸುದ್ದಿ ಇನ್ನೂ ನೆನಪಿದೆ. ಬೇಲಿಯೇ ಎದ್ದು ಹೊಲ ಮೇದಿದ್ದು ಸರಿ, ಶಿಕ್ಷೆ ಆಗಿದ್ದು ಬರೀ ಸಣ್ಣ ಸಿಪಾಯಿಗಳಿಗಾ? ಯಜಮಾನರಿಗೆ ಏನೂ ಆಗಲಿಲ್ವಾ?
(ಓದುಗರು, ದಾವಣಗೆರೆ)

ಉತ್ತರ: ಆ ಹೊಲಕ್ಕೆ ಯಜಮಾನ ಯಾರು ಅಂತ ಅಲ್ಲಿದ್ದವರಿಗೇ ಸರಿಯಾಗಿ ಗೊತ್ತಿರಲಿಲ್ಲ, ತೊಂದರೆ ಶುರುವಾಗಿದ್ದೇ ಅಲ್ಲಿ. 2003ರಲ್ಲಿ ಜೈಲು ಕಾಯುತ್ತಿದ್ದದ್ದು ಬ್ರಿಗೇಡಿಯರ್ ಜನರಲ್ ಜಾನಿಸ್ ಕಾರ್ಪಿನ್‌ಸ್ಕಿ ಅವರ ಮಿಲಿಟರಿ ಪೊಲೀಸರು. ವಿಚಾರಣೆ ಮಾಡುತ್ತಿದ್ದದ್ದು ಕರ್ನಲ್ ಥಾಮಸ್ ಪಪ್ಪಾಸ್ ಅವರ ಗುಪ್ತಚರ ದಳ. ನಡುವೆ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಜನ ಬೇರೆ. ಇದು ಸಾಲದು ಅಂತ, ಭಯೋತ್ಪಾದಕರೆಂದು ಹಿಡಿದವರನ್ನು ಅಮೆರಿಕ ಇಟ್ಟಿದ್ದ ಗ್ವಾಂಟನಾಮೊ ಜೈಲು ನಡೆಸುತ್ತಿದ್ದ ಜನರಲ್ ಜೆಫ್ರಿ ಮಿಲ್ಲರ್ ಬಂದು, ವಿಚಾರಣೆಗೆ ಮೊದಲು ಕೈದಿಗಳನ್ನು ಹದಕ್ಕೆ ತರುವ ಕೆಲಸಕ್ಕೆ ಕಾವಲಿನವರೂ ಕೈಜೋಡಿಸಬೇಕು ಎಂಬರ್ಥದ ಸಲಹೆ ಕೊಟ್ಟು ಹೋದರು. ನವೆಂಬರಿನಲ್ಲಿ ಜೈಲಿನ ಉಸ್ತುವಾರಿಯನ್ನೇ ಪಪ್ಪಾಸ್ ಕೈಗಿಟ್ಟರು.

ಲೆಕ್ಕ ನೋಡಿ: ಸುಮಾರು 7,000 ಕೈದಿಗಳಿಗೆ 90ರಷ್ಟು ಕಾವಲಿನವರು! ಅವರಲ್ಲಿ ಹೆಚ್ಚಿನವರು ಊರಲ್ಲಿ ಬೇರೆ ಕೆಲಸ ಮಾಡಿಕೊಂಡಿದ್ದ ಮೀಸಲು ಪಡೆಯವರು, ಜೈಲು ನಡೆಸುವ ತರಬೇತಿ ಕೊಟ್ಟಿರಲೇ ಇಲ್ಲ. ಹಾಗಂತ ಅದು ನೆಪ ಆಗಲ್ಲ ಬಿಡಿ. ನಾಯಿ ಛೂ ಬಿಡೋಕೆ, ಬೆತ್ತಲೆ ಮನುಷ್ಯರನ್ನು ರಾಶಿ ಹಾಕಿ ಪಕ್ಕದಲ್ಲಿ ನಗುತ್ತಾ ನಿಲ್ಲೋಕೆ ಯಾವ ತರಬೇತಿಯ ಕೊರತೆ ಕಾರಣ? ಆದರೆ ರಾತ್ರಿ ಪಾಳಿಯಲ್ಲಿ ತಿಂಗಳುಗಟ್ಟಲೆ ಇದು ನಡೆದರೂ ಒಬ್ಬ ಅಧಿಕಾರಿಯೂ ತಡೆಯಲಿಲ್ಲ. ತನಿಖೆ ಮಾಡಿದ ಮೇಜರ್ ಜನರಲ್ ಆಂಟೋನಿಯೊ ಟಗೂಬಾ ಸಿಪಾಯಿಗಳ ಕ್ರೌರ್ಯದ ಜೊತೆಗೆ ಮೇಲಿನವರ ವೈಫಲ್ಯವನ್ನೂ ನೇರವಾಗಿಯೇ ಬರೆದರು.

ಶಿಕ್ಷೆ? 11 ಸೈನಿಕರ ಮೇಲೆ ಅಪರಾಧ ಸಾಬೀತಾಯಿತು, ಅವರಲ್ಲಿ ಕಾವಲಿನ ಸಿಪಾಯಿ ಚಾರ್ಲ್ಸ್ ಗ್ರೇನರ್‌ಗೆ 10 ವರ್ಷ ಜೈಲು. ಕಾರ್ಪಿನ್‌ಸ್ಕಿ ಕರ್ನಲ್ ಹುದ್ದೆಗೆ ಇಳಿದರು. ಪಪ್ಪಾಸ್‌ಗೆ 8,000 ಡಾಲರ್ ದಂಡ. ಸೇನಾ ಕೋರ್ಟಿನ ಕಟಕಟೆ ಹತ್ತಿದ ಒಬ್ಬನೇ ಅಧಿಕಾರಿ, ಲೆಫ್ಟಿನೆಂಟ್ ಕರ್ನಲ್ ಸ್ಟೀವನ್ ಜೋರ್ಡನ್, ಹಿಂಸೆಯ ಆರೋಪಗಳಿಂದ ಪಾರಾದರು. ಜೈಲಿಗೆ ಹೋದವರಲ್ಲಿ ಅಧಿಕಾರಿ ಒಬ್ಬರೂ ಇಲ್ಲ. ನಿಮ್ಮ ಅನುಮಾನ ಸರಿಯಾಗೇ ಇದೆ.

ಪ್ರಶ್ನೆ: ಇಷ್ಟೆಲ್ಲ ಹೊರಗೆ ತಂದಿದ್ದು ಪತ್ರಕರ್ತರೇ ಅಲ್ವಾ?
(ಓದುಗರು, ಹಾಸನ)

ಉತ್ತರ: ಮೊದಲ ಹೆಜ್ಜೆ ಇಟ್ಟಿದ್ದು ಒಬ್ಬ ಸಿಪಾಯಿ, ಜೋಸೆಫ್ ಡಾರ್ಬಿ. ಇರಾಕಿನ ಫೋಟೊ ಇದ್ರೆ ಕೊಡು ಅಂತ ಸುಮ್ನೆ ಗ್ರೇನರ್‌ನನ್ನು ಕೇಳಿದ್ದ, ಸಿಕ್ಕ ಸಿ.ಡಿ.ಗಳಲ್ಲಿ ಇದೆಲ್ಲ ಇತ್ತು. 2004ರ ಜನವರಿಯಲ್ಲಿ ಹೆಸರು ಹಾಕದೆ ಸೇನೆಯ ತನಿಖಾ ವಿಭಾಗಕ್ಕೆ ಕೊಟ್ಟ. ಟಿ.ವಿ.ಯಲ್ಲಿ ಬಂದಿದ್ದು ಏಪ್ರಿಲ್ ಕೊನೆಗೆ. ಮರುತಿಂಗಳೇ ರಕ್ಷಣಾ ಮಂತ್ರಿ ಡೊನಾಲ್ಡ್ ರಮ್ಸ್‌ಫೆಲ್ಡ್ ಸಂಸತ್ತಿನೆದುರು ಅವನ ಹೆಸರು ಹೇಳಿಬಿಟ್ಟರು. ಡಾರ್ಬಿ ಆಗ ಇನ್ನೂ ಇರಾಕಿನಲ್ಲೇ ಇದ್ದ, ನೂರಾರು ಸೈನಿಕರ ಜೊತೆ ಊಟಕ್ಕೆ ಕೂತಿದ್ದ. ಮತ್ತೆ ತನ್ನೂರಲ್ಲಿ ನೆಲೆಸೋಕೆ ಅವನಿಗೆ ಆಗಲಿಲ್ಲ.